ಪೈಥಾನ್‌ನಲ್ಲಿ ಒಂದೇ ಥರ ಕಾಣುವ ಎರಡು ಕನ್ನಡ ಪದಗಳನ್ನು == ಹಾಕಿ ಹೋಲಿಸಿದರೆ ಫಾಲ್ಸ್ ಬರುವುದೇಕೆ?

ಪೈಥಾನ್ ಅಕ್ಷರದ ಆಕಾರ ನೋಡುವುದಿಲ್ಲ. ಅದರ ಹಿಂದಿರುವ ಯೂನಿಕೋಡ್ ಸಂಕೇತಗಳನ್ನು ಒಂದೊಂದಾಗಿ ಹೋಲಿಸುತ್ತದೆ, ಅಷ್ಟೇ.

‘ಕೊಡ’ ಪದವನ್ನೇ ತಗೊಳ್ಳಿ. ಇದರಲ್ಲಿನ ಒತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ ಮತ್ತು ಊತ್ವ ಎಂಬ ಎರಡು ಸಂಕೇತ ಸೇರಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಆದರೆ ಉದ್ದ ಕೇಳಿದರೆ ಮೊದಲನೆಯದಕ್ಕೆ 3, ಎರಡನೆಯದಕ್ಕೆ 4 ಬರುತ್ತದೆ. ಮತ್ತೆ ಸಮ ಹೇಗಾಗುತ್ತೆ, ಅಲ್ವಾ?

ಇದಕ್ಕೆ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ನಾರ್ಮಲೈಸ್ ಎಂಬ ಫಂಕ್ಷನ್ ಇದೆ. ಎರಡೂ ಪದಗಳನ್ನು ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಸಂಕೇತಗಳನ್ನು ಕೂಡಿಸಿ ಒಂದಾಗಿಸಿದ ರೂಪ) ತಂದು, ಆಮೇಲೆ ಹೋಲಿಸಿ. ಡೇಟಾ ಒಳಗೆ ಬರುವಾಗಲೇ ಇದನ್ನು ಮಾಡುವುದು ಒಳ್ಳೆಯದು. ಹೋಲಿಸುವ ಪ್ರತಿ ಜಾಗದಲ್ಲೂ ಮಾಡಲು ಹೊರಟರೆ ಎಲ್ಲೋ ಒಂದು ಕಡೆ ಬಿಟ್ಟುಹೋಗುತ್ತದೆ.

ಇಷ್ಟಾದರೂ ಫಾಲ್ಸ್ ಬಂದರೆ, ‘ಬಸ್’ ಥರ ಅರ್ಧಾಕ್ಷರದಲ್ಲಿ ಮುಗಿಯುವ ಪದಗಳ ಕೊನೆ ನೋಡಿ. ಅಲ್ಲಿ ಕಣ್ಣಿಗೆ ಕಾಣದ ಜೀರೋ ವಿಡ್ತ್ ನಾನ್ ಜಾಯ್ನರ್, ಅಂದರೆ ಮುಂದಿನ ಅಕ್ಷರ ಒತ್ತಾಗದಂತೆ ತಡೆಯುವ ಸಂಕೇತ, ಕೂತಿರಬಹುದು. ಎನ್‌ಎಫ್‌ಸಿ ಅದನ್ನು ತೆಗೆಯುವುದಿಲ್ಲ, ತುದಿಯ ಖಾಲಿ ಜಾಗ ತೆಗೆಯುವ ಸ್ಟ್ರಿಪ್ ಕೂಡ ತೆಗೆಯುವುದಿಲ್ಲ. ರಿಪ್ಲೇಸ್ ಬಳಸಿ ನೀವೇ ತೆಗೆಯಬೇಕು. ಆದರೆ ಹೋಲಿಕೆಗೆ ಮಾಡಿಕೊಂಡ ಪ್ರತಿಯಲ್ಲಿ ಮಾತ್ರ ತೆಗೆಯಿರಿ. ಮೂಲದಲ್ಲೇ ತೆಗೆದರೆ ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆಗುತ್ತದೆ.

ಒಳಗೆ ಏನಿದೆ ಅಂತ ನೋಡಲು ಆಸ್ಕಿ ಫಂಕ್ಷನ್‌ಗೆ ಪದ ಕೊಟ್ಟು ಪ್ರಿಂಟ್ ಮಾಡಿ. ಸಂಕೇತಗಳೆಲ್ಲ ಸಾಲಾಗಿ ಕಾಣುತ್ತವೆ.