ಮೆಶ್ ಹಾಕುವ ಮೊದಲು ರೀಟ್ರೈ ಎಣಿಸಿ

ನಿಮ್ಮ ಪ್ರಶ್ನೆ ಓದಿದೆ. ನಿಮ್ಮಲ್ಲಿ 14 ಸರ್ವಿಸ್, ಎಲ್ಲವೂ ಕುಬರ್ನೆಟಿಸ್ (ಕಂಟೇನರ್‌ಗಳನ್ನು ನಡೆಸುವ ವ್ಯವಸ್ಥೆ) ಮೇಲೆ, ಒಳಗಿನ ಕರೆಗಳೆಲ್ಲ ಜಿಆರ್‌ಪಿಸಿ (ಸರ್ವಿಸ್‌ಗಳು ಒಂದನ್ನೊಂದು ಕರೆಯುವ ಒಂದು ವಿಧಾನ). ಲೋಡ್ ಜಾಸ್ತಿ ಆದಾಗ ಪಾಡ್‌ಗಳನ್ನು (ಸರ್ವಿಸ್‌ನ ಓಡುವ ಪ್ರತಿಗಳನ್ನು) 3ರಿಂದ 8ಕ್ಕೆ ಏರಿಸಿದರೂ ಒಂದೆರಡೇ ಏದುಸಿರು ಬಿಡುತ್ತವೆ, ಉಳಿದವು ಸುಮ್ನೆ ಕೂತಿರುತ್ತವೆ. ಇದಕ್ಕೆ ಇಸ್ಟಿಯೊ ಹಾಕಲೇ ಅಂತ ಕೇಳಿದ್ದೀರಿ. ಇಸ್ಟಿಯೊ ಒಂದು ಮೆಶ್, ಅಂದರೆ ಸರ್ವಿಸ್‌ಗಳ ನಡುವಿನ ಕರೆಗಳನ್ನು ಪ್ರಾಕ್ಸಿ ಎಂಬ ಮಧ್ಯವರ್ತಿಗಳ ಮೂಲಕ ಸಾಗಿಸುವ ಪದರ.

ಮೊದಲು ಕಾರಣ ನೋಡೋಣ. ಕುಬರ್ನೆಟಿಸ್‌ನ ಮಾಮೂಲಿ ಸರ್ವಿಸ್ ಹಂಚುವುದು ಕನೆಕ್ಷನ್‌ಗಳನ್ನು, ರಿಕ್ವೆಸ್ಟ್‌ಗಳನ್ನಲ್ಲ. ಜಿಆರ್‌ಪಿಸಿ ಓಡುವುದು ಎಚ್‌ಟಿಟಿಪಿ/2 ಮೇಲೆ. ಒಮ್ಮೆ ತೆರೆದ ಕನೆಕ್ಷನ್‌ನಲ್ಲೇ ಗಂಟೆಗಟ್ಟಲೆ ಸಾವಿರಾರು ರಿಕ್ವೆಸ್ಟ್ ಹೋಗುತ್ತಿರುತ್ತವೆ. ಹೊಸ ಪಾಡ್ ಬಂದರೂ ಹಳೇ ಕನೆಕ್ಷನ್ ಹಳೇ ಪಾಡ್‌ಗೇ ಅಂಟಿಕೊಂಡಿರುತ್ತದೆ. ಮೆಶ್‌ನ ಪ್ರಾಕ್ಸಿ ಪ್ರತಿ ರಿಕ್ವೆಸ್ಟನ್ನೂ ಬಿಡಿಯಾಗಿ ಹಂಚುತ್ತದೆ. ಹಾಗಾಗಿ ಮೆಶ್ ಹಾಕಿದರೆ ಈ ತೊಂದರೆ ಹೋಗುತ್ತದೆ, ಅದು ನಿಜ.

ಆದರೆ ತೊಂದರೆ ಇದೊಂದೇ ಆಗಿದ್ದರೆ ಮೆಶ್ ಬೇಡ. ಹೆಡ್‌ಲೆಸ್ ಸರ್ವಿಸ್ (ಎಲ್ಲ ಪಾಡ್‌ಗಳ ವಿಳಾಸವನ್ನೂ ನೇರವಾಗಿ ಕೊಡುವಂಥದ್ದು) ಮಾಡಿ, ಕ್ಲೈಂಟ್‌ನಲ್ಲಿ ರೌಂಡ್ ರಾಬಿನ್ (ಸರದಿ ಪ್ರಕಾರ ಹಂಚುವುದು) ಹಾಕಿ, ಸರ್ವರ್ ಕಡೆ ಪ್ರತಿ ಕನೆಕ್ಷನ್‌ಗೂ ಇಷ್ಟೇ ಹೊತ್ತು ಅಂತ ಮಿತಿ ಕೊಡಿ. ಕೊನೆಯದನ್ನು ಮರೆಯಬೇಡಿ. ಕನೆಕ್ಷನ್ ಆಗಾಗ ಮುರಿದರೆ ಮಾತ್ರ ಕ್ಲೈಂಟ್ ಮತ್ತೆ ಡಿಎನ್‌ಎಸ್‌ನಲ್ಲಿ ವಿಳಾಸ ಕೇಳಿ ಹೊಸ ಪಾಡ್‌ಗಳನ್ನು ಕಂಡುಕೊಳ್ಳುತ್ತದೆ.

ಎಂಟಿಎಲ್‌ಎಸ್ (ಎರಡೂ ಕಡೆಯವರು ಗುರುತು ತೋರಿಸಿ ಗುಪ್ತವಾಗಿ ಮಾತಾಡುವುದು), ಕ್ಯಾನರಿ (ಹೊಸ ಆವೃತ್ತಿಯನ್ನು ಮೊದಲು ಸ್ವಲ್ಪ ಟ್ರಾಫಿಕ್‌ಗೆ ಮಾತ್ರ ಬಿಡುವುದು), ಎಲ್ಲ ಸರ್ವಿಸ್‌ಗೂ ಒಂದೇ ಥರದ ಮೆಟ್ರಿಕ್ಸ್ (ಅಳತೆಗಳು) ಕೂಡ ಬೇಕು ಅಂದರೆ ಮೆಶ್ ಹಾಕಿ. ಆಗ ನಾನು ಕೈ ಜೋಡಿಸಿ ಕೇಳಿಕೊಳ್ಳುವುದು ಒಂದೇ: ಮೊದಲು ರೀಟ್ರೈ, ಅಂದರೆ ಸೋತ ಕರೆಯನ್ನು ಮತ್ತೆ ಕಳಿಸುವುದು, ಎಲ್ಲೆಲ್ಲಿ ಎಷ್ಟಿದೆ ಎಣಿಸಿ.

ನಾವು ಎಣಿಸಿರಲಿಲ್ಲ. ಆರ್ಡರ್ ಸರ್ವಿಸ್ ಸ್ಟಾಕ್ ಅನ್ನು ಕರೆಯುತ್ತಿತ್ತು, ಸ್ಟಾಕ್ ಬೆಲೆ ಸರ್ವಿಸನ್ನು. ಎರಡರ ಕೋಡ್‌ನಲ್ಲೂ ಒಟ್ಟು 3 ಪ್ರಯತ್ನ ಅಂತ ಬರೆದಿದ್ದೆವು. ಇಸ್ಟಿಯೊಗೆ ಏನೂ ಹೇಳದಿದ್ದರೆ ಕೆಲವು ಬಗೆಯ ಸೋಲಿಗೆ ಅದು ತಾನೇ ಇನ್ನೆರಡು ಸಲ ಕಳಿಸುತ್ತದೆ. ಜಿಆರ್‌ಪಿಸಿಯ ಅನ್‌ಅವೇಲಬಲ್ (ಸದ್ಯ ಸೇವೆ ಸಿಗುತ್ತಿಲ್ಲ ಎಂಬ ಉತ್ತರ) ಅದರಲ್ಲಿ ಒಂದು. ಅಲ್ಲಿಗೆ ಒಂದು ಹಂತಕ್ಕೆ 3×3, ಅಂದರೆ 9. ಎರಡು ಹಂತಕ್ಕೆ 9×9, ಅಂದರೆ 81. ಒಂದು ರಾತ್ರಿ ಬೆಲೆ ಸರ್ವಿಸ್ ಸ್ವಲ್ಪ ತಡವರಿಸಿ ಅನ್‌ಅವೇಲಬಲ್ ಅಂದಿತು. ಒಬ್ಬ ಗ್ರಾಹಕ ಒಂದು ಸಲ ಬಟನ್ ಒತ್ತಿದರೆ ಅದರ ಮೇಲೆ 81 ಏಟು ಬೀಳುವ ಸ್ಥಿತಿ. ಪಾಡ್ ಏರಿಸಿದಷ್ಟೂ ಹೊಸ ಪಾಡ್ ಏಳುತ್ತಲೇ ಬೀಳುತ್ತಿತ್ತು. ಕೊನೆಗೆ ಮೆಶ್‌ನ ರೀಟ್ರೈಯನ್ನು ಸೊನ್ನೆ ಮಾಡಿದ ಮೇಲೆಯೇ ಉಸಿರಾಡಿದ್ದು.

ಹಾಗಾಗಿ ರೀಟ್ರೈ ಒಂದೇ ಕಡೆ ಇರಲಿ. ನಾನಾದರೆ ಕೋಡ್‌ನಿಂದ ತೆಗೆದು ಮೆಶ್‌ನಲ್ಲಿ ಇಡುತ್ತೇನೆ, ಅದೂ ಓದುವ ಕರೆಗಳಿಗೆ ಮಾತ್ರ. ಹಣ ಕಡಿತ ಆಗುವಂಥ ಕರೆ ಎರಡು ಸಲ ಹೋದರೂ ಕೆಲಸ ಒಂದೇ ಸಲ ಆಗುತ್ತದೆ ಅನ್ನುವ ಖಾತ್ರಿ ಇಲ್ಲದಿದ್ದರೆ ರೀಟ್ರೈ ಬೇಡವೇ ಬೇಡ. ಟೈಮ್‌ಔಟ್ ಅನ್ನೂ ನೀವೇ ಬರೆಯಿರಿ, ಇಸ್ಟಿಯೊದಲ್ಲಿ ಅದು ತಾನಾಗಿ ಇರುವುದಿಲ್ಲ. ಹೊರಗಿನದು ಒಳಗಿನದಕ್ಕಿಂತ ಉದ್ದ ಇರಬೇಕು: ಬೆಲೆಗೆ 500 ಮಿಲಿಸೆಕೆಂಡ್ ಇದ್ದರೆ ಸ್ಟಾಕ್‌ಗೆ 1 ಸೆಕೆಂಡ್, ಆರ್ಡರ್‌ಗೆ 2, ಹೀಗೆ.

ಸೈಡ್‌ಕಾರ್ (ಪ್ರತಿ ಪಾಡ್‌ನೊಳಗೂ ಒಂದು ಪ್ರಾಕ್ಸಿ) ಬೇಡ, ಅದಿಲ್ಲದೆ ನಡೆಯುವ ಇಸ್ಟಿಯೊದ ಆಂಬಿಯೆಂಟ್ ಮೋಡ್ ಸಾಕು ಅಂತ ಕೆಲವರು ಹೇಳುತ್ತಾರೆ. 2024ರ ನವೆಂಬರ್‌ನಲ್ಲಿ ಬಂದ ಇಸ್ಟಿಯೊ 1.24ರಿಂದ ಅದು ಸ್ಟೇಬಲ್, ಒಳ್ಳೆಯದೇ. ಆದರೆ ಅದರಲ್ಲಿ ಬರೀ ಝೀಟನಲ್ (ಪ್ರತಿ ನೋಡ್‌ಗೆ, ಅಂದರೆ ಯಂತ್ರಕ್ಕೆ, ಒಂದು ಪ್ರಾಕ್ಸಿ) ಇದ್ದರೆ ಅದೂ ನೋಡುವುದು ಕನೆಕ್ಷನ್ ಮಟ್ಟದಲ್ಲೇ. ನಿಮ್ಮ ಜಿಆರ್‌ಪಿಸಿ ತೊಂದರೆ ಹಾಗೇ ಉಳಿಯುತ್ತದೆ. ರಿಕ್ವೆಸ್ಟ್ ಮಟ್ಟದಲ್ಲಿ ನೋಡುವ ವೇಪಾಯಿಂಟ್ ಎಂಬ ಪ್ರಾಕ್ಸಿ ಕೂಡ ಹಾಕಬೇಕು.

ಎಂಟಿಎಲ್‌ಎಸ್ ಮೊದಲು ಪರ್ಮಿಸಿವ್‌ನಲ್ಲೇ (ಎಂಟಿಎಲ್‌ಎಸ್ ಇಲ್ಲದ ಕರೆಯನ್ನೂ ಒಪ್ಪುವ ಸ್ಥಿತಿ) ಇರಲಿ. ಎಲ್ಲ ಸರ್ವಿಸ್ ಮೆಶ್ ಒಳಗೆ ಬಂದ ಮೇಲೆ ಒಂದೊಂದೇ ನೇಮ್‌ಸ್ಪೇಸ್ (ಕುಬರ್ನೆಟಿಸ್‌ನ ಒಂದು ವಿಭಾಗ) ಸ್ಟ್ರಿಕ್ಟ್ ಮಾಡಿ, ಅಂದರೆ ಎಂಟಿಎಲ್‌ಎಸ್ ಕಡ್ಡಾಯ ಮಾಡಿ. ಟ್ರೇಸಿಂಗ್ (ಒಂದು ರಿಕ್ವೆಸ್ಟ್ ಯಾವ ಯಾವ ಸರ್ವಿಸ್ ಹಾದು ಹೋಯಿತು ಅನ್ನುವ ಜಾಡು) ತಾನಾಗಿ ಸಿಗುತ್ತದೆ ಅಂದುಕೊಳ್ಳಬೇಡಿ, ಒಳಬಂದ ಟ್ರೇಸ್ ಹೆಡರ್‌ಗಳನ್ನು ಮುಂದಿನ ಕರೆಗೆ ದಾಟಿಸುವುದು ನಿಮ್ಮ ಕೋಡ್‌ನ ಕೆಲಸವೇ.

ಇವತ್ತು ಕೋಡ್‌ನಲ್ಲಿ ರೀಟ್ರೈ ಎಲ್ಲೆಲ್ಲಿದೆ ಹುಡುಕಿ. ಜಿಆರ್‌ಪಿಸಿ ಕ್ಲೈಂಟ್ ಸೆಟ್ಟಿಂಗ್, ಎಚ್‌ಟಿಟಿಪಿ ಲೈಬ್ರರಿ, ಡೇಟಾಬೇಸ್ ಡ್ರೈವರ್ ಮೂರೂ ನೋಡಿ. ಪಟ್ಟಿ ಇಲ್ಲೇ ಹಾಕಿದರೆ ಒಟ್ಟಿಗೆ ಕೂತು ಲೆಕ್ಕ ಮಾಡೋಣ.