ಅಬುಜಾಕ್ಕೆ ಹೊರಟವರ ಪ್ರಶ್ನೆಗಳು: ಓದುಗರ ಅಂಕಣ

ವ್ಯವಹಾರದ ಮೇಲೆ ಪಶ್ಚಿಮ ಆಫ್ರಿಕಾಕ್ಕೆ ಹೋಗುವವರ ಸುರಕ್ಷತೆಯ ಕುರಿತು ಬಂದ ಪತ್ರಗಳಲ್ಲಿ ಹೆಚ್ಚಿನವು ನೈಜೀರಿಯಾದ ರಾಜಧಾನಿ ಅಬುಜಾದ ಬಗ್ಗೆಯೇ ಇದ್ದವು. ಅವುಗಳಲ್ಲಿ ನಾಲ್ಕಕ್ಕೆ ಈ ಸಲ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನಾನು ಬೆಂಗಳೂರಿನ ಪೀಣ್ಯದ ಔಷಧ ಕಂಪನಿಯೊಂದರಲ್ಲಿ ರಫ್ತು ವಿಭಾಗ ನೋಡಿಕೊಳ್ಳುತ್ತೇನೆ. ನಮ್ಮ ಎರಡು ಮಾತ್ರೆಗಳ ನೋಂದಣಿಗಾಗಿ ನೈಜೀರಿಯಾದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ನಾಫ್‌ಡ್ಯಾಕ್‌ಗೆ ಹೋಗಬೇಕಿದ್ದು, ಜನವರಿಯಲ್ಲಿ ನಾಲ್ಕು ದಿನ ಅಬುಜಾದಲ್ಲಿರುತ್ತೇನೆ. ಹೋಟೆಲ್ ಕಾಯ್ದಿರಿಸಿದೆ, ಏಜೆಂಟ್ ಕಾರು ಕಳಿಸುತ್ತಾನೆ, ವಿಮೆ ಮಾಡಿಸಿದೆ, ಇನ್ನೇನು ಬೇಕು ಎನ್ನುತ್ತದೆ ಕಂಪನಿ. ಇಷ್ಟು ಸಾಕೇ?

ಉತ್ತರ: ಎಲ್ಲವೂ ಅಂದುಕೊಂಡಂತೆ ನಡೆದರೆ ಅಷ್ಟೇ ಸಾಕು. ನಿಮ್ಮ ವಿಮಾನ ಆರು ತಾಸು ತಡವಾಗಿ ಇಳಿದು, ಏಜೆಂಟನ ಫೋನ್ ಬಂದ್ ಆಗಿ, ಹೊರಗೆ ಕತ್ತಲಾಗಿದ್ದರೆ ನೀವು ಏನು ಮಾಡುತ್ತೀರಿ, ಬೆಂಗಳೂರಿನಲ್ಲಿ ಯಾರು ಏನು ಮಾಡುತ್ತಾರೆ ಎಂಬುದಕ್ಕೆ ಆ ಏರ್ಪಾಡಿನಲ್ಲಿ ಉತ್ತರವಿಲ್ಲ. ಅದನ್ನು ಹೊರಡುವ ಮೊದಲೇ ಕಾಗದದ ಮೇಲೆ ಬರೆದುಕೊಳ್ಳಬೇಕು.

ಅಬುಜಾ 1991ರ ಡಿಸೆಂಬರಿನಲ್ಲಿ ಲಾಗೋಸ್‌ನ ಬದಲು ರಾಜಧಾನಿಯಾದ, ನಕ್ಷೆ ಹಾಕಿ ಕಟ್ಟಿದ ಊರು. ಮೈತಾಮಾ, ಅಸೊಕೊರೊ, ವುಸೆ ಬಡಾವಣೆಗಳ ಅಗಲವಾದ ಬೀದಿಗಳಲ್ಲಿ ಹಗಲು ಹೊತ್ತು ಓಡಾಡಿದವರಿಗೆ, ಇದಕ್ಕಾಗಿಯೇ ಇಷ್ಟು ಹೆದರಿಸಿದರೇ ಎನಿಸುವುದು ಸಹಜ. ಅಪಾಯ ಹೆಚ್ಚಾಗಿ ಊರಿನ ಅಂಚಿನಲ್ಲಿ ಮತ್ತು ಊರಿಂದ ಹೊರಡುವ ದಾರಿಗಳಲ್ಲಿದೆ. 2022ರ ಮಾರ್ಚ್ 28ರಂದು ಅಬುಜಾದಿಂದ ಉತ್ತರದ ಕಡುನಾ ನಗರಕ್ಕೆ ಹೊರಟಿದ್ದ ರೈಲಿನ ಮೇಲೆ ಬಂದೂಕುಧಾರಿಗಳು ದಾಳಿ ಮಾಡಿ ಹತ್ತಾರು ಪ್ರಯಾಣಿಕರನ್ನು ಹೊತ್ತೊಯ್ದರು. ಅವರಲ್ಲಿ ಕೊನೆಯವರು ಬಿಡುಗಡೆಯಾಗುವ ಹೊತ್ತಿಗೆ ಅಕ್ಟೋಬರ್ ಬಂದಿತ್ತು. ಅದೇ ವರ್ಷದ ಜುಲೈ 5ರ ರಾತ್ರಿ ಉಗ್ರರು ಕುಜೆ ಜೈಲಿಗೆ ನುಗ್ಗಿ ನೂರಾರು ಕೈದಿಗಳನ್ನು ಬಿಡಿಸಿದರು. 2024ರ ಜನವರಿಯಲ್ಲಿ ಬ್ವಾರಿಯ ಕುಟುಂಬವೊಂದನ್ನು ಮನೆಯಿಂದಲೇ ಅಪಹರಿಸಿದ್ದು ದೇಶದಾದ್ಯಂತ ಸುದ್ದಿಯಾಯಿತು. ಕುಜೆ, ಬ್ವಾರಿ ಎರಡೂ ರಾಜಧಾನಿ ಪ್ರದೇಶದೊಳಗೇ ಇವೆ, ಆದರೆ ನಿಮ್ಮ ಕೆಲಸ ಅಲ್ಲಿಲ್ಲ. ನಾಫ್‌ಡ್ಯಾಕ್‌ನ ಮುಖ್ಯ ಕಚೇರಿ ಇರುವುದು ವುಸೆಯಲ್ಲಿ. ಹೋಟೆಲನ್ನು ವುಸೆ ಅಥವಾ ಮೈತಾಮಾದಲ್ಲೇ ಹಿಡಿದರೆ ನಾಲ್ಕು ದಿನದ ಓಡಾಟ ಕೆಲವೇ ಕಿಲೋಮೀಟರಿನೊಳಗೆ ಮುಗಿಯುತ್ತದೆ. ಆಗ ನಿಮಗೆ ಉಳಿಯುವ ದೊಡ್ಡ ಪ್ರಯಾಣ ವಿಮಾನ ನಿಲ್ದಾಣದ್ದು ಮಾತ್ರ.

ನಾಮ್ಡಿ ಅಜಿಕಿವೆ ನಿಲ್ದಾಣ ನಗರದ ನಡುಭಾಗದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿದೆ. ಈ ದಾರಿಯನ್ನು ಬೆಳಕಿರುವಾಗಲೇ ಮುಗಿಸುವಂಥ ವಿಮಾನವನ್ನು ಆರಿಸಿಕೊಳ್ಳಿ. ಲಾಗೋಸ್‌ನಲ್ಲಿ ಇಳಿದು ಅಲ್ಲಿಂದ ಒಳನಾಡಿನ ವಿಮಾನ ಹಿಡಿಯುವುದಕ್ಕಿಂತ, ದೋಹಾ, ಇಸ್ತಾಂಬುಲ್ ಅಥವಾ ಅಡಿಸ್ ಅಬಾಬಾ ಮೂಲಕ ನೇರ ಅಬುಜಾಕ್ಕೆ ಬರುವುದು ಮೇಲು. ನೀವು ಹೋಗುವುದು ಜನವರಿಯಲ್ಲಿ. ಸಹಾರಾದ ಧೂಳನ್ನು ಹೊತ್ತು ಬರುವ ಹರ್ಮಟ್ಟಾನ್ ಗಾಳಿಯ ಕಾಲ ಅದು. ಮಂಜಿನಂತೆ ಧೂಳು ಕವಿದಾಗ ಒಳನಾಡಿನ ವಿಮಾನಗಳು ತಾಸುಗಟ್ಟಲೆ ತಡವಾಗುತ್ತವೆ, ರದ್ದೂ ಆಗುತ್ತವೆ. ಮಧ್ಯಾಹ್ನ ಎರಡಕ್ಕೆ ಇಳಿಯಬೇಕಾದವರು ರಾತ್ರಿ ಒಂಬತ್ತಕ್ಕೆ ಇಳಿದರೆ, ಹಗಲಿಗೆಂದು ಮಾಡಿಕೊಂಡ ಯೋಜನೆಯಿಂದ ಪ್ರಯೋಜನವಿಲ್ಲ.

ಇನ್ನು ಕಾರು. ಚಾಲಕನ ಹೆಸರು, ಫೋಟೊ, ಕಾರಿನ ನಂಬರ್ ನಿಮಗೆ ಮುಂಚೆಯೇ ಬರಬೇಕು. ನಿಮ್ಮ ಹೆಸರಾಗಲಿ ಕಂಪನಿಯ ಹೆಸರಾಗಲಿ ಆತ ಎತ್ತಿ ಹಿಡಿಯುವ ಫಲಕದ ಮೇಲೆ ಇರಬಾರದು, ಗುರುತಿಗೆ ಬೇರೊಂದು ಪದ ಇರಲಿ. ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ. ಹಿಂದೊಮ್ಮೆ ಅಬುಜಾದ ಹೋಟೆಲಿನಲ್ಲಿ ಬೆಳಿಗ್ಗೆ ಎಂಟೂಕಾಲಿಗೆ ಕೋಣೆಯ ಫೋನ್ ಹೊಡೆದುಕೊಂಡಿತು. ‘ಓಗಾ, ಕಾರು ಕೆಳಗೆ ನಿಂತಿದೆ, ಇವತ್ತು ಹದಿನೈದು ನಿಮಿಷ ಬೇಗ ಹೊರಡೋಣ’ ಎಂದಿತು ವಿನಯದ ದನಿ. ಅಲ್ಲಿ ಓಗಾ ಎಂದರೆ ನಮ್ಮ ‘ಧಣಿ’ ಇದ್ದಂತೆ. ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ನಮ್ಮ ಚಾಲಕನ ಮೊಬೈಲಿಗೆ ಕರೆ ಮಾಡಿದೆ. ಆತ ಇನ್ನೂ ಪೆಟ್ರೋಲ್ ಬಂಕಿನ ಸಾಲಿನಲ್ಲಿದ್ದ. ಕೆಳಗೆ ನಿಂತಿದ್ದವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ಸ್ವಾಗತಕಾರರು ಹೋಗಿ ನೋಡುವಷ್ಟರಲ್ಲಿ ಅಲ್ಲಿ ಕಾರೇ ಇರಲಿಲ್ಲ. ಆದರೆ ನನ್ನ ಹೊತ್ತುಗೊತ್ತು ಅವರಿಗೆ ತಿಳಿದದ್ದು ಹೇಗೆ ಎಂಬುದು ಸಂಜೆ ಸ್ಪಷ್ಟವಾಯಿತು. ನನ್ನ ನಾಲ್ಕು ದಿನದ ಕಾರ್ಯಕ್ರಮದ ಪಟ್ಟಿಯನ್ನು ನಮ್ಮ ಕಡೆಯವರೇ ‘ಅನುಕೂಲಕ್ಕೆ’ ಎಂದು ಹನ್ನೊಂದು ಜನರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದರು. ಆ ಹನ್ನೊಂದರಲ್ಲಿ ಮೂವರು ಯಾರೆಂದು ಅದನ್ನು ಹಾಕಿದವರಿಗೂ ಗೊತ್ತಿರಲಿಲ್ಲ. ಆದ್ದರಿಂದ ನಿಮ್ಮ ಕಂಪನಿಯನ್ನು ಮೊದಲು ಕೇಳಬೇಕಾದದ್ದು ಒಂದೇ: ನನ್ನ ವೇಳಾಪಟ್ಟಿ ಪೂರ್ತಿಯಾಗಿ ಯಾರ ಕೈಯಲ್ಲಿದೆ? ಬೆಂಗಳೂರಿನಲ್ಲಿ ಒಬ್ಬರು, ಅಬುಜಾದಲ್ಲಿ ಒಬ್ಬರು ಸಾಕು. ಚಾಲಕನಿಗೆ ಆಯಾ ದಿನದ್ದು ಮಾತ್ರ, ಅದೂ ಹಿಂದಿನ ರಾತ್ರಿ ತಿಳಿದರೆ ಸಾಕು. ಭೇಟಿಯಾಗುವ ಕಚೇರಿಗೆ ನೀವು ಬರುವ ಸಮಯ ಗೊತ್ತಿರಲಿ, ಉಳಿದುಕೊಂಡಿರುವ ಹೋಟೆಲ್ ಗೊತ್ತಿರಬೇಕಾಗಿಲ್ಲ.

ಬೀದಿಯಲ್ಲಿ ನಿಂತು ಟ್ಯಾಕ್ಸಿಗೆ ಕೈ ತೋರಿಸುವುದನ್ನು ಪೂರ್ತಿ ಬಿಟ್ಟುಬಿಡಿ. ‘ಒನ್ ಚಾನ್ಸ್’ ಎಂಬುದು ಅಬುಜಾದ ಮಕ್ಕಳಿಗೂ ಗೊತ್ತಿರುವ ಮಾತು. ಒಂದೇ ಸೀಟು ಉಳಿದಿದೆ ಎಂದು ಕೂಗುತ್ತ ಕಾರೊಂದು ಬರುತ್ತದೆ. ಒಳಗೆ ಕುಳಿತ ಇಬ್ಬರು ಮೂವರು ‘ಪ್ರಯಾಣಿಕರು’ ಚಾಲಕನ ಜೊತೆಗಾರರೇ ಆಗಿದ್ದು, ಹತ್ತಿದವರನ್ನು ನಡುವೆ ಕೂರಿಸಿಕೊಂಡು ಹಣ, ಫೋನು, ಎಟಿಎಂ ಕಾರ್ಡಿನ ಗುಪ್ತ ಸಂಖ್ಯೆ ಕಿತ್ತುಕೊಂಡು ಎಲ್ಲೋ ದೂಡಿ ಹೋಗುತ್ತಾರೆ. ಇದಕ್ಕೆ ಬಲಿಯಾಗುವವರಲ್ಲಿ ಹೆಚ್ಚಿನವರು ಅಲ್ಲಿಯವರೇ. ನೀವು ಸಿಕ್ಕಿಬಿದ್ದರೆ ಕೇಳಿದ್ದನ್ನು ಕೊಟ್ಟುಬಿಡಿ, ವಾದಕ್ಕಿಳಿಯಬೇಡಿ.

ಚೆಕ್‌ಪೋಸ್ಟ್‌ಗಳಲ್ಲಿ ರಾತ್ರಿಯಾದರೆ ಕಾರಿನ ಒಳದೀಪ ಹಾಕಿ, ಕೈಗಳು ಕಾಣುವಂತಿರಲಿ, ಮಾತನ್ನು ಚಾಲಕನಿಗೆ ಬಿಡಿ. ‘ಎನಿಥಿಂಗ್ ಫಾರ್ ದ ಬಾಯ್ಸ್?’ (ಹುಡುಗರಿಗೆ ಏನಾದರೂ ಕೊಡುತ್ತೀರಾ?) ಎಂದು ನಗುತ್ತ ಕೇಳಿದರೆ ನಗುತ್ತಲೇ ಕುಶಲ ವಿಚಾರಿಸಿ. ಹಣದ ಚೀಲ ಬಿಚ್ಚಿದರೆ ಮುಂದಿನ ಮಾತು ಉದ್ದವಾಗುತ್ತದೆ. ಸರ್ಕಾರಿ ಕಟ್ಟಡ, ಸೈನಿಕರು, ವಿಮಾನ ನಿಲ್ದಾಣ ಇವುಗಳ ಫೋಟೊ ತೆಗೆಯಬೇಡಿ. ಸೈನಿಕರ ಮಾದರಿಯ ಹಸಿರು ಚುಕ್ಕೆಯ ಪ್ಯಾಂಟು ನಮ್ಮಲ್ಲಿ ಸಂತೆಯಲ್ಲೂ ಸಿಗುತ್ತದೆ, ಅಲ್ಲಿ ಅದನ್ನು ಸಾಮಾನ್ಯರು ತೊಡುವುದು ಅಪರಾಧ. ಮನೆಯಲ್ಲೇ ಬಿಟ್ಟು ಹೋಗಿ. ಹಳದಿ ಜ್ವರದ ಲಸಿಕೆಯನ್ನು ಹೊರಡುವ ಹತ್ತು ದಿನ ಮೊದಲೇ ಹಾಕಿಸಿಕೊಳ್ಳಿ. ಆ ಕಾರ್ಡಿಲ್ಲದಿದ್ದರೆ ಹಿಂದಿರುಗುವಾಗ ನಮ್ಮ ದೇಶದಲ್ಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನನ್ನದೊಂದು ಪಂಪ್‌ಸೆಟ್ ತಯಾರಿಕಾ ಘಟಕವಿದೆ. ಅಬುಜಾದ ಸಚಿವಾಲಯವೊಂದರಿಂದ ಎರಡು ಸಾವಿರ ಪಂಪ್‌ಗಳ ಗುತ್ತಿಗೆ ಸಿಕ್ಕಿದೆ, ಸಹಿ ಹಾಕಲು ಬನ್ನಿ, ನೋಂದಣಿ ಶುಲ್ಕ ಮೊದಲು ಕಳಿಸಿ ಎಂದು ಇ-ಮೇಲ್ ಬಂದಿದೆ. ನಾನು ಟೆಂಡರ್ ಹಾಕಿರಲಿಲ್ಲ. ಹೋಗಿ ನೋಡಿಬರಲೇ?

ಉತ್ತರ: ಹೋಗಬೇಡಿ. ಹಾಕದ ಟೆಂಡರ್ ಗೆಲ್ಲುವುದಿಲ್ಲ. ಈ ಬಗೆಯ ಮೋಸಕ್ಕೆ ಅಲ್ಲಿ ‘ಫೋರ್ ಒನ್ ನೈನ್’ ಎಂಬ ಹೆಸರಿದೆ, ಅದು ನೈಜೀರಿಯಾದ ದಂಡಸಂಹಿತೆಯ 419ನೇ ಕಲಮಿನಿಂದ ಬಂದದ್ದು. ಇ-ಮೇಲಿಗೆ ಹಣ ಕಳೆದುಕೊಂಡವರು ಹಣವನ್ನಷ್ಟೇ ಕಳೆದುಕೊಳ್ಳುತ್ತಾರೆ, ಕರೆದಲ್ಲಿಗೆ ಹೋದವರನ್ನು ಒತ್ತೆಯಾಗಿಟ್ಟುಕೊಂಡು ಮನೆಯವರಿಂದ ಹಣ ಕಿತ್ತ ಪ್ರಕರಣಗಳೂ ಇವೆ. ಮುಂದೆ ನಿಜವಾದ ಗಿರಾಕಿ ಸಿಕ್ಕಾಗ, ಆ ಕಂಪನಿಯ ಹೆಸರನ್ನು ನೈಜೀರಿಯಾದಲ್ಲಿ ಕಂಪನಿಗಳನ್ನು ನೋಂದಾಯಿಸುವ ಕಾರ್ಪೊರೇಟ್ ಅಫೇರ್ಸ್ ಕಮಿಷನ್‌ನ ಜಾಲತಾಣದಲ್ಲಿ ಹುಡುಕಿ ನೋಡಿ. ಅಬುಜಾದ ಭಾರತೀಯ ಹೈಕಮಿಷನ್‌ನ ವಾಣಿಜ್ಯ ವಿಭಾಗಕ್ಕೂ ಒಂದು ಪತ್ರ ಬರೆಯಿರಿ.

ಪ್ರಶ್ನೆ: ನಾವು ಮಂಗಳೂರಿನ ಗೇರುಬೀಜ ಕಾರ್ಖಾನೆಯವರು. ಈ ಹಂಗಾಮಿನಲ್ಲಿ ನೈಜೀರಿಯಾದ ಕೋಗಿ ರಾಜ್ಯದ ಬೀಜ ಕೊಳ್ಳುವ ಯೋಚನೆಯಿದೆ. ಅಬುಜಾದಲ್ಲಿ ಇಳಿದು ಕಾರಿನಲ್ಲಿ ಆ ರಾಜ್ಯದ ರಾಜಧಾನಿ ಲೊಕೊಜಾ ಕಡೆಗೆ ಹೋಗಿ ಗೋದಾಮು ನೋಡಬೇಕು. ಪೊಲೀಸ್ ಬೆಂಗಾವಲು ಕೊಡಿಸುತ್ತೇನೆ, ಹೆದರಬೇಡಿ ಎನ್ನುತ್ತಾನೆ ಮಾರುವವನು. ಹೋಗಬಹುದೇ?

ಉತ್ತರ: ಈ ವರ್ಷ ಹೋಗಬೇಡಿ ಎಂದೇ ನನ್ನ ಸಲಹೆ. ಅಬುಜಾದಿಂದ ಲೊಕೊಜಾಕ್ಕೆ ಸುಮಾರು 200 ಕಿಲೋಮೀಟರ್. ಈ ಹೆದ್ದಾರಿಯಲ್ಲಿ ಅಪಹರಣಗಳು ನಡೆದಿವೆ, ಮತ್ತು ಅಲ್ಲಿ ಬೀಜ ಕೊಳ್ಳಲು ಹೋಗುವ ಪರದೇಶದವರ ಬಳಿ ನಗದು ಇರುತ್ತದೆ ಎಂಬ ನಂಬಿಕೆ ಹಳೆಯದು.

ಬೆಂಗಾವಲಿನ ಮಾತಿಗೆ ಬಂದರೆ, ನೈಜೀರಿಯಾದಲ್ಲಿ ಖಾಸಗಿ ಕಾವಲುಗಾರರು ಬಂದೂಕು ಹಿಡಿಯುವಂತಿಲ್ಲ. ಹಾಗಾಗಿ ದುಡ್ಡಿದ್ದವರೆಲ್ಲ ಪೊಲೀಸರನ್ನೇ ಬಾಡಿಗೆಗೆ ಪಡೆದಂತೆ ಕರೆದೊಯ್ಯುವ ರೂಢಿ ಬೆಳೆದಿತ್ತು. 2025ರ ನವೆಂಬರಿನಲ್ಲಿ ಅಧ್ಯಕ್ಷ ಬೋಲಾ ಟಿನುಬು ಗಣ್ಯರ ಕಾವಲಿನಿಂದ ಪೊಲೀಸರನ್ನು ಹಿಂದಕ್ಕೆ ಕರೆಸಿಕೊಳ್ಳಲು ಆದೇಶಿಸಿ, ಬೇಕಾದವರು ಸರ್ಕಾರದ್ದೇ ಇನ್ನೊಂದು ಸಶಸ್ತ್ರ ಪಡೆಯಾದ ಸಿವಿಲ್ ಡಿಫೆನ್ಸ್‌ನವರನ್ನು ಕೇಳಿಕೊಳ್ಳಲಿ ಎಂದರು. ಇಷ್ಟಾದ ಮೇಲೂ ಪೊಲೀಸರನ್ನು ಕೊಡಿಸುತ್ತೇನೆ ಎನ್ನುವವನು ಯಾರ ಅನುಮತಿಯಿಂದ ಕೊಡಿಸುತ್ತಾನೆ, ಅದು ಬರಹದಲ್ಲಿದೆಯೇ ಎಂದು ಕೇಳಿ. ಬಾಯಿಮಾತಿನಲ್ಲಿ ಬಂದ ಬೆಂಗಾವಲು ಯಾವ ತಿರುವಿನಲ್ಲಿ ಇಳಿದು ಹೋಗುತ್ತದೋ ಹೇಳಲಾಗದು. ಅದಲ್ಲದೆ, ಬಂದೂಕು ಹಿಡಿದವರು ಮುಂದೆ ಹಿಂದೆ ಇದ್ದರೆ ನಡುವಿನ ಕಾರಿನಲ್ಲಿ ಬೆಲೆಬಾಳುವ ಮನುಷ್ಯನಿದ್ದಾನೆ ಎಂದು ಡಂಗುರ ಹೊಡೆದಂತೆಯೂ ಆಗುತ್ತದೆ.

ನಿಮ್ಮ ಕಸುಬಿನಲ್ಲೇ ಇದಕ್ಕೊಂದು ದಾರಿಯಿದೆ. ನೀವು ನೋಡಬೇಕಾದದ್ದು ಗೋದಾಮಿನ ಗೋಡೆಯನ್ನಲ್ಲ, ಬೀಜದ ಔಟ್‌ಟರ್ನ್ (ಒಡೆದಾಗ ಸಿಗುವ ಒಳ್ಳೆಯ ತಿರುಳಿನ ಪ್ರಮಾಣ), ಒಂದು ಕಿಲೋದಲ್ಲಿನ ಬೀಜಗಳ ಎಣಿಕೆ ಮತ್ತು ತೇವಾಂಶವನ್ನು. ಸ್ವತಂತ್ರ ತಪಾಸಣೆ ಕಂಪನಿಯ ಸ್ಥಳೀಯ ನೌಕರ ಗೋದಾಮಿಗೆ ಹೋಗಿ, ಬೇರೆಬೇರೆ ಚೀಲಗಳಿಂದ ಮಾದರಿ ತೆಗೆದು, ಮೊಹರು ಮಾಡಿ ಅಬುಜಾಕ್ಕೆ ತರಲಿ. ನೀವು ಹೋಟೆಲಿನ ಮೇಜಿನ ಮೇಲೆ ಹಾಳೆ ಹಾಸಿ ನಿಮ್ಮ ಕೈಯಾರೆ ಬೀಜ ಸೀಳಿ, ತಿರುಳು ತೂಗಿ ನೋಡಿ. ಉಳಿದ ತಪಾಸಣೆಯನ್ನು ಮಾಲು ಲಾಗೋಸ್ ಬಂದರಿಗೆ ಬಂದಮೇಲೆ ಹಡಗಿಗೆ ಹಾಕುವ ಮೊದಲು ಇನ್ನೊಮ್ಮೆ ಮಾಡಿಸಿ, ಹಣ ಪಾವತಿಯನ್ನು ಆ ವರದಿಗೆ ಕಟ್ಟಿಹಾಕಿ. ಇದಕ್ಕೆ ಒಪ್ಪದ ಮಾರಾಟಗಾರನ ಬೀಜ ಎಷ್ಟೇ ಅಗ್ಗವಾಗಿದ್ದರೂ ಬೇಡ.

ಪ್ರಶ್ನೆ: ನನ್ನ ಪತಿ ಎರಡು ತಿಂಗಳಿಗೊಮ್ಮೆ ಅಬುಜಾಕ್ಕೆ ಹೋಗುತ್ತಾರೆ. ಮೈಸೂರಿನಲ್ಲಿ ನಾನು, ಅತ್ತೆ, ಮಗಳು ಇರುತ್ತೇವೆ. ಅವರ ಕಂಪನಿ ಅವರಿಗೆ ತರಬೇತಿ ಕೊಟ್ಟಿದೆ, ನಮಗೆ ಯಾರೂ ಏನೂ ಹೇಳಿಲ್ಲ. ರಾತ್ರಿ ಫೋನ್ ಬರದಿದ್ದರೆ ನಿದ್ದೆ ಇರುವುದಿಲ್ಲ. ನಾವು ಏನು ತಿಳಿದಿರಬೇಕು?

ಉತ್ತರ: ಮನೆಯವರನ್ನು ಯೋಜನೆಯಿಂದ ಹೊರಗಿಡುವುದು ಕಂಪನಿಗಳ ಮಾಮೂಲಿ ತಪ್ಪು. ಏನಾದರೂ ಆದರೆ ಮೊದಲ ಕರೆ ಬರುವುದು ಹೆಚ್ಚಾಗಿ ಮನೆಗೇ. ಆದ್ದರಿಂದ ಕಂಪನಿಯಲ್ಲಿ ಹಗಲೂ ರಾತ್ರಿಯೂ ಫೋನ್ ಎತ್ತುವ ಒಬ್ಬರ ನಂಬರ್ ನಿಮ್ಮ ಕೈಯಲ್ಲಿರಬೇಕು. ಆಫೀಸಿನ ಸಾಮಾನ್ಯ ನಂಬರ್ ಪ್ರಯೋಜನವಿಲ್ಲ.

ನಿಮ್ಮ ಪತಿ ಮುಂದಿನ ಸಲ ಹೊರಡುವ ಮುನ್ನ ಇಬ್ಬರೂ ಕುಳಿತು ಮೂರು ಪ್ರಶ್ನೆಗಳನ್ನೂ ಉತ್ತರಗಳನ್ನೂ ಬರೆದು, ಮುಚ್ಚಿದ ಲಕೋಟೆಯಲ್ಲಿ ಕಂಪನಿಯ ಆ ವ್ಯಕ್ತಿಗೆ ಕೊಡಿ. ಉತ್ತರ ನಿಮ್ಮ ಪತಿಗೆ ಮಾತ್ರ ಗೊತ್ತಿರುವಂಥದ್ದಾಗಿರಬೇಕು, ಫೇಸ್‌ಬುಕ್‌ನಲ್ಲಿ ಹುಡುಕಿದರೆ ಸಿಗಬಾರದು: ಅಜ್ಜಿ ಮನೆಯ ಹಸುವಿನ ಹೆಸರು, ಚಿಕ್ಕಂದಿನಲ್ಲಿ ಬಿದ್ದು ಮೊಣಕಾಲು ಒಡೆದುಕೊಂಡ ಜಾಗ, ಇಂಥವು. ನಿಮ್ಮವರು ನಮ್ಮ ಬಳಿ ಇದ್ದಾರೆ ಎಂದು ಯಾರಾದರೂ ಹೇಳಿದರೆ ಅದು ನಿಜವೇ, ಅವರು ಕ್ಷೇಮವೇ ಎಂದು ತಿಳಿಯುವ ದಾರಿ ಇದು. ಅಂಥ ಕರೆ ಬಂದರೆ ನೀವು ಹಣದ ಮಾತು ಆಡಬೇಡಿ, ಇಲ್ಲ ಎಂದೂ ಹೌದು ಎಂದೂ ಅನ್ನಬೇಡಿ. ಹೇಳಿದ್ದನ್ನು ಬರೆದುಕೊಂಡು, ಸಮಯ ಗುರುತು ಹಾಕಿ, ಕಂಪನಿಯವರಿಗೆ ತಿಳಿಸಿ. ಹೈಕಮಿಷನ್‌ಗೆ ತಿಳಿಸುವುದು ಅವರ ಹೊಣೆ. ನೆಂಟರ ಗುಂಪಿಗೆ ಹಾಕಬೇಡಿ. ನಿಮ್ಮ ಪತಿ ಪ್ರಯಾಣದಲ್ಲಿರುವಾಗ ವಿಮಾನ ನಿಲ್ದಾಣದ ಫೋಟೊ ಹಾಕುವ ಅಭ್ಯಾಸ ಮಗಳಿಗಿದ್ದರೆ ಅದನ್ನೂ ಬಿಡಿಸಿ.

ನಿದ್ದೆಯ ವಿಷಯ. ಅಬುಜಾದ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ತಾಸು ಹಿಂದೆ. ಅವರು ಕೆಲಸ ಮುಗಿಸಿ ಅಲ್ಲಿ ಸಂಜೆ ಏಳೂವರೆಗೆ ಫೋನ್ ಮಾಡಿದರೆ ನಿಮಗದು ನಡುರಾತ್ರಿ. ಕಾಯುತ್ತ ಕೂರುವುದು ಅಲ್ಲಿಂದಲೇ ಶುರು. ಅದರ ಬದಲು ದಿನಕ್ಕೆ ಎರಡು ಸಣ್ಣ ಸಂದೇಶ ಗೊತ್ತುಮಾಡಿಕೊಳ್ಳಿ: ಬೆಳಿಗ್ಗೆ ಹೋಟೆಲ್ ಬಿಡುವಾಗ ಒಂದು, ಕತ್ತಲಾಗುವ ಮೊದಲು ಹಿಂದಿರುಗಿದಾಗ ಇನ್ನೊಂದು. ಎರಡನೆಯದು ಅಲ್ಲಿಯ ಆರೂವರೆಯ ಒಳಗೆ, ಎಂದರೆ ನಮ್ಮ ರಾತ್ರಿ ಹನ್ನೊಂದರ ಒಳಗೆ ಬರಬೇಕು. ಬರದಿದ್ದರೆ ಒಂದು ತಾಸು ಬಿಡಿ. ಅಲ್ಲಿ ಕರೆಂಟೂ ಹೋಗುತ್ತದೆ, ನೆಟ್‌ವರ್ಕೂ ಹೋಗುತ್ತದೆ. ಆಮೇಲೆ ಮೊದಲು ಹೋಟೆಲಿನ ಸ್ವಾಗತ ಕಟ್ಟೆಗೆ, ನಂತರ ಚಾಲಕನಿಗೆ, ಆ ಇಬ್ಬರಿಂದಲೂ ಉತ್ತರ ಸಿಗದಿದ್ದರೆ ಕಂಪನಿಯ ಆ ನಂಬರಿಗೆ ಕರೆ ಮಾಡಿ. ಮೂರು ನಂಬರುಗಳನ್ನೂ ಇದೇ ಕ್ರಮದಲ್ಲಿ, ಅತ್ತೆಯವರಿಗೂ ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ಬರೆದು ಗಡಿಯಾರದ ಕೆಳಗೆ ಅಂಟಿಸಿ.