ಬರಹಗಾರರಿಗೆ ಸಲಹೆ: ಪುಟ್ಟಮಾವನಿಗೆ ಎಲ್ಲ ತಿಳಿದಿತ್ತು

ನಮಸ್ಕಾರ.

ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ಬಾಳಿ ತೀರಿಕೊಂಡ, ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್ ಇದ್ದ ನಿಮ್ಮ ಪುಟ್ಟಮಾವನ ಬಗ್ಗೆ ನೀವು ಕಳಿಸಿದ ‘ದೇವರ ಮಗು’ ಓದಿದೆ. ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ಮನಿರಲೂ ಮನಸ್ಸು ಒಪ್ಪಲಿಲ್ಲ. ಕಾರಣ ಮೂರನೇ ಪುಟದ ಈ ಸಾಲು: ‘ಕಣದ ಕಾಫಿಯನ್ನು ಮುಷ್ಟಿಯಲ್ಲಿ ಹಿಡಿದು ಕಿವಿ ಹತ್ತಿರ ಅಲ್ಲಾಡಿಸಿ ಮಾವ ಆಯ್ತು ಅಂದ್ರೆ, ಅಜ್ಜ ಮೂಟೆ ಕಟ್ಟಿಸೋರು.’

ಇದು ಕಾಫಿ ಒಣಗಿಸುವ ಕಣದ ಪಕ್ಕ ಬೆಳೆದವರು ಮಾತ್ರ ಬರೆಯಬಲ್ಲ ಸಾಲು. ಸಿಪ್ಪೆ ಸಮೇತ ಒಣಗಿಸಿದ ಹಣ್ಣು ಪೂರ್ತಿ ಒಣಗಿದರೆ ಒಳಗಿನ ಬೀಜ ಗಲಗಲ ಅನ್ನುತ್ತದೆ. ಹಸಿ ಇದ್ದರೆ ಸದ್ದಿಲ್ಲ. ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರಾಗಿದ್ದ ಅಜ್ಜ ಮಗನ ಕಿವಿಯನ್ನು ನಂಬಿದ್ದರು. ಅಂಥ ಕಿವಿಗೆ ನೀವು ಕೊಟ್ಟದ್ದು ಒಂದೇ ಸಾಲು. ‘ಮುಗ್ಧ’ ಅನ್ನುವ ಪದ ಮಾತ್ರ ಹನ್ನೊಂದು ಕಡೆ ಇದೆ. ಎಣಿಸಿದ್ದೇನೆ.

ಇನ್ನೊಂದು ಕಡೆ, ಮಾವ ಒಂದು ಬುಟ್ಟಿ ಹಸಿ ಹಣ್ಣನ್ನು ಒಣಗಿದ ಕಾಫಿ ಮೇಲೆ ಸುರಿದುಬಿಟ್ಟರು ಅಂತ ಬರೆದಿದ್ದೀರಿ. ‘ಪಾಪ, ಏನೂ ತಿಳಿಯದೆ.’ ಹಿಂದಿನ ಪ್ಯಾರಾದಲ್ಲಿ ಏನಿದೆ ನೋಡಿ. ಅದೇ ದಿನ ಮನೆಯವರೆಲ್ಲ ಚಿಕ್ಕಮಗಳೂರಿಗೆ ಮದುವೆಗೆ ಹೋಗಿದ್ದಿರಿ, ಅವರೊಬ್ಬರನ್ನು ಬಿಟ್ಟು! ಒಣಗಿದ್ದು ಯಾವುದು, ಹಸಿ ಯಾವುದು ಅಂತ ಆ ತೋಟದಲ್ಲಿ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ತಿಳಿಯದೆ ಅಲ್ಲ, ತಿಳಿದೇ ಸುರಿದರು ಅಂತ ನನಗನ್ನಿಸುತ್ತದೆ. ಎಲ್ಲಿ ಸುರಿದರೆ ಜಾಸ್ತಿ ನೋವಾಗುತ್ತದೆ ಅನ್ನುವುದೂ ಗೊತ್ತಿತ್ತು. ಮದುವೆಗೆ ಯಾಕೆ ಕರೆದುಕೊಂಡು ಹೋಗಲಿಲ್ಲ? ಬರೆಯಲು ಕಷ್ಟವಾಗುತ್ತದೆ, ಗೊತ್ತು. ಆದರೂ ಬರೆಯಿರಿ. ದೇವರ ಮಗುವಿಗೆ ಸಿಟ್ಟು ಬರುವುದಿಲ್ಲ. ನಿಮ್ಮ ಮಾವನಿಗೆ ಬರುತ್ತಿತ್ತು.

ಮೊದಲ ಎರಡು ಪುಟದ ಮಂಜು, ಕಾಫಿ ಹೂವು, ಬಾಬಾಬುಡನ್‌ಗಿರಿ ತೆಗೆದುಬಿಡಿ. ಚೆನ್ನಾಗಿವೆ, ಆದರೆ ಮಾವ ಬರುವಷ್ಟರಲ್ಲಿ ಓದುವವರು ಎದ್ದು ಹೋಗಿರುತ್ತಾರೆ.

‘ಡೌನ್ ಸಿಂಡ್ರೋಮ್ ಎಂಬ ಕಾಯಿಲೆಯಿಂದ ನರಳುತ್ತಿದ್ದರು’ ಅನ್ನುವುದು ತಪ್ಪು. ಅದು ಬಂದು ಹೋಗುವ ಕಾಯಿಲೆ ಅಲ್ಲ. ಸಾಮಾನ್ಯವಾಗಿ ಜೀವಕೋಶದೊಳಗೆ 21ನೇ ವರ್ಣತಂತು (ಕ್ರೋಮೋಸೋಮ್) ಎರಡಿರುವ ಕಡೆ ಮೂರು ಇರುತ್ತದೆ, ಒಟ್ಟು 46ರ ಬದಲು 47. ಅಷ್ಟೇ. ನೀವು ಬರೆದ ಪುಟಗಳಲ್ಲಿ ಕಡುಬಿಗಾಗಿ ಜಗಳ ಆಡುವ, ಬಸ್ಸಿನ ಮುಂದಿನ ಸೀಟೇ ಬೇಕೆನ್ನುವ ಮಾವ ಎಲ್ಲೂ ನರಳಿದ ಹಾಗೆ ಕಾಣಲಿಲ್ಲ.

ಗ್ರಹಣದ ಮಾತು ಇನ್ನೂ ಸೂಕ್ಷ್ಮ. 1980ರ ಫೆಬ್ರವರಿ 16ರ ಸೂರ್ಯಗ್ರಹಣದ ದಿನ ಬಸುರಿ ಅಜ್ಜಿ ಅಂಗಳಕ್ಕೆ ಬಂದದ್ದೇ ಮಾವ ಹೀಗೆ ಹುಟ್ಟಲು ಕಾರಣ ಅಂತ ನೀವೇ ಹೇಳುವ ಹಾಗಿದೆ. ಸಾಮಾನ್ಯವಾಗಿ ಈ ವ್ಯತ್ಯಾಸ ಆಗುವುದು ಬಸಿರು ನಿಲ್ಲುವುದಕ್ಕೂ ಮೊದಲು, ಅಂಡಾಣು ಅಥವಾ ವೀರ್ಯಾಣು ರೂಪುಗೊಳ್ಳುವಾಗ. ಅಜ್ಜಿ ಅಂಗಳಕ್ಕೆ ಬರುವ ಹೊತ್ತಿಗೆ ಆಗುವುದು ಆಗಿಹೋಗಿತ್ತು. ಆದರೆ ಆ ಭಾಗ ತೆಗೆಯಬೇಡಿ. ಅದನ್ನು ಅಜ್ಜಿಯ ಬಾಯಲ್ಲಿ ಇಡಿ. ತಾನು ಮಾಡದ ತಪ್ಪನ್ನು ಆಕೆ ಅಷ್ಟು ವರ್ಷ ಹೊತ್ತರಲ್ಲ, ಆ ಮನೆಯಲ್ಲಿ ಒಬ್ಬರಾದರೂ ‘ನಿನ್ನದೇನೂ ತಪ್ಪಿಲ್ಲ’ ಅಂದರಾ?

ಇನ್ನೊಂದು ಒರಟು ಪ್ರಶ್ನೆ. ಸುಗ್ಗಿಯಿಂದ ಸುಗ್ಗಿಗೆ ಆ ತೋಟದ ಕಾಫಿ ತಿರುವಿ ಹಾಕಿದರು, ಸಂಜೆ ಟಾರ್ಪಾಲ್ ಹೊದಿಸಿದರು. ಕೂಲಿ ಸಿಗುತ್ತಿತ್ತಾ? ಯಾರ ಕೈಗೆ?

ಕೊನೆಗೆ ‘ಎಲ್ಲರನ್ನೂ ಮರೆತು ದೇವರ ಧ್ಯಾನದಲ್ಲಿ ಮುಳುಗಿದ್ದರು’ ಅಂದಿದ್ದೀರಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ಹಲವರಿಗೆ ನಲವತ್ತು ದಾಟಿದ ಮೇಲೆ ಆಲ್ಝೈಮರ್ ಮರೆವು ಶುರುವಾಗುತ್ತದೆ. ಆಗಿದ್ದೂ ಅದೇ ಇರಬಹುದು, ಡಾಕ್ಟರು ಏನಂದಿದ್ದರು ಅಂತ ಮನೆಯಲ್ಲಿ ವಿಚಾರಿಸಿ. ಧ್ಯಾನ ಅಂದುಬಿಟ್ಟರೆ ನೀವು ಕಂಡದ್ದೆಲ್ಲ ಅದರ ಕೆಳಗೆ ಮುಚ್ಚಿಹೋಗುತ್ತದೆ. ಆ ಕೊನೆಯ ಸುಗ್ಗಿಯಲ್ಲಿ ಅವರು ಕಣಕ್ಕೆ ಬಂದಿದ್ದರಾ? ಯಾರಾದರೂ ಅವರ ಕೈಗೆ ಒಂದು ಮುಷ್ಟಿ ಕಾಫಿ ಕೊಟ್ಟರಾ? ನಿಮಗೆ ನೆನಪಿಲ್ಲದಿದ್ದರೆ ಅಮ್ಮನನ್ನು ಕೇಳಿ.

ಸಾವಿರ ಪದ ಸಾಕು, ಅವಸರವಿಲ್ಲ. ಫೋಟೋ ಕಳಿಸುವುದಾದರೆ ದೇವರ ಮನೆ ಮುಂದೆ ಕೂರಿಸಿ ತೆಗೆಸಿದ್ದು ಬೇಡ. ಕಣದಲ್ಲಿ ನಿಂತದ್ದು ಇದ್ದರೆ ಕೊಡಿ.

ಇತಿ,
ಸಂಪಾದಕ